ಐಇಎಲ್‌ಟಿಎಸ್: ಎಸ್ಸೆಸ್ಸೆಲ್ಸಿ ಥರ ಬಾಯಿಪಾಠ ಹೊಡೆದರೆ ಆಗಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೋದ ವಾರ ಊರ ಹಬ್ಬಕ್ಕೆ ನಮ್ಮ ಚಿಕ್ಕಪ್ಪನ ಮಗಳು ಬಂದಿದ್ಲು. ನಾಗಮಂಗಲ ತಾಲ್ಲೂಕಿನಲ್ಲೇ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಈಗ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡ್ತಿದ್ದಾಳೆ. ಇಂಗ್ಲೆಂಡಿಗೆ ಹೋಗಬೇಕು ಅಂತ ಆಸೆ. ಊಟ ಮುಗಿಸಿ ಜಗುಲಿ ಮೇಲೆ ಕೂತಿದ್ದಾಗ ಕೇಳಿದ್ಲು: "ಅಣ್ಣ, ನೀನು ಫಸ್ಟ್ ಟೈಮ್ ಯಾಕೆ ಫೇಲಾದೆ? ಯಾವತ್ತೂ ಹೇಳಿಲ್ವಲ್ಲ."

ನಿಜ. ಯಾರಿಗೂ ಸರಿಯಾಗಿ ಹೇಳಿರಲಿಲ್ಲ, ನಾಚಿಕೆಯಾಗ್ತಿತ್ತು. ಅವಳಿಗೆ ಹೇಳಿದ್ದನ್ನೇ ಇವತ್ತು ನಿಮಗೂ ಹೇಳ್ತೀನಿ. ನಾನು ಇಂಗ್ಲಿಷ್ ಮೇಷ್ಟ್ರಲ್ಲ, ಕೋಚಿಂಗ್ ಸೆಂಟರಿನವನೂ ಅಲ್ಲ. ಕನ್ನಡ ಮೀಡಿಯಂನಲ್ಲಿ ಓದಿ, ಬಿ.ಕಾಂ. ಮಾಡಿ, ಈ ಪರೀಕ್ಷೆಯನ್ನ ಎರಡು ಸಲ ಬರೆದವನು, ಅಷ್ಟೇ.

ಮೊದಲು, ಇದೇನು ಪರೀಕ್ಷೆ?

ಇಂಗ್ಲಿಷ್ ಮಾತಾಡೋ ದೇಶಕ್ಕೆ ಓದೋಕೋ ಕೆಲಸಕ್ಕೋ ಹೋಗೋರಿಗೆ "ನಿಮಗೆ ಎಷ್ಟು ಇಂಗ್ಲಿಷ್ ಬರುತ್ತೆ" ಅಂತ ಅಳೆಯೋ ಪರೀಕ್ಷೆ ಐಇಎಲ್‌ಟಿಎಸ್. 1989ರಿಂದ ನಡೀತಿದೆ. ಇದರಲ್ಲಿ ಎರಡು ಬಗೆ: ಕಾಲೇಜಿಗೆ ಹೋಗೋರಿಗೆ ಅಕಾಡೆಮಿಕ್, ಕೆಲಸ ಅಥವಾ ವಲಸೆಗೆ ಹೆಚ್ಚಾಗಿ ಜನರಲ್ ಟ್ರೈನಿಂಗ್. ನಾನು ಬರೆದದ್ದು ಅಕಾಡೆಮಿಕ್.

ನಾಲ್ಕು ಭಾಗ ಇರುತ್ತೆ. ಲಿಸನಿಂಗ್ ಸುಮಾರು 30 ನಿಮಿಷ, 40 ಪ್ರಶ್ನೆ. ರೀಡಿಂಗ್ 60 ನಿಮಿಷ, ಅದಕ್ಕೂ 40 ಪ್ರಶ್ನೆ. ರೈಟಿಂಗ್ 60 ನಿಮಿಷ, ಎರಡು ಬರಹ. ಸ್ಪೀಕಿಂಗ್ 11ರಿಂದ 14 ನಿಮಿಷ, ಒಬ್ಬ ಪರೀಕ್ಷಕರ ಎದುರು ಮಾತು.

ಇಲ್ಲಿ ಪಾಸು-ಫೇಲು ಅನ್ನೋದೇ ಇಲ್ಲ. 0ಯಿಂದ 9ರವರೆಗೆ ಬ್ಯಾಂಡ್ ಕೊಡ್ತಾರೆ, ನಡುವೆ ಅರ್ಧರ್ಧವೂ ಇರುತ್ತೆ. ನಾಲ್ಕೂ ಭಾಗದ ಸರಾಸರಿಯನ್ನ ಹತ್ತಿರದ ಅರ್ಧಕ್ಕೆ ಸರಿಮಾಡ್ತಾರೆ. ಎಷ್ಟು ಬೇಕು ಅನ್ನೋದನ್ನ ನೀವು ಅರ್ಜಿ ಹಾಕೋ ಕಾಲೇಜು ಹೇಳುತ್ತೆ. ನನ್ನ ಕೋರ್ಸಿಗೆ ಒಟ್ಟು 6.5 ಬೇಕಿತ್ತು, ಯಾವ ಭಾಗದಲ್ಲೂ 6ಕ್ಕಿಂತ ಕಮ್ಮಿ ಇರಬಾರದಿತ್ತು.

ಮೊದಲ ಸಲ ನನಗೆ ಬಂದದ್ದು: ಲಿಸನಿಂಗ್ 6.5, ರೀಡಿಂಗ್ 6.5, ಸ್ಪೀಕಿಂಗ್ 6, ರೈಟಿಂಗ್ 5.5. ಕೂಡಿದರೆ 24.5. ನಾಲ್ಕರಿಂದ ಭಾಗಿಸಿದರೆ 6.125. ಒಟ್ಟು ಬ್ಯಾಂಡ್ 6. ಅಮ್ಮನ ಬಳೆ ಬ್ಯಾಂಕಲ್ಲಿಟ್ಟು ಕೋಚಿಂಗ್ ಫೀಸು, ಪರೀಕ್ಷೆ ಫೀಸು ಕಟ್ಟಿದ್ವಿ. ರಿಸಲ್ಟ್ ನೋಡಿದ ರಾತ್ರಿ ಮನೆಯಲ್ಲಿ ಯಾರೂ ಬೈಯಲಿಲ್ಲ. ಅದೇ ಜಾಸ್ತಿ ನೋವಾಯ್ತು. ಅಪ್ಪ ಮಾತ್ರ "ಇಂಗ್ಲಿಷು ನಮ್ಮಂಥೋರ್ಗಲ್ಲ ಬುಡ್ಲಾ" ಅಂದ್ರು.

ಅಪ್ಪನ ಮಾತನ್ನ ನಾನು ಒಪ್ಪಲಿಲ್ಲ, ಅದಕ್ಕೆ ಕಾರಣನೂ ಇದೆ. ಬಿ.ಎಂ.ಶ್ರೀ ಅವರ ಹೆಸರಲ್ಲಿ "ಬಿ" ಅಂದ್ರೆ ಬೆಳ್ಳೂರು, ನಮ್ಮ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಎ.ಎನ್. ಮೂರ್ತಿರಾಯರ ಹೆಸರಲ್ಲಿ "ಎ" ಅಂದ್ರೆ ಅಕ್ಕಿಹೆಬ್ಬಾಳು, ಕೆ.ಆರ್. ಪೇಟೆ ತಾಲ್ಲೂಕು. ಇಬ್ಬರೂ ಮೈಸೂರಿನ ಮಹಾರಾಜಾ ಕಾಲೇಜಲ್ಲಿ ಇಂಗ್ಲಿಷ್ ಪಾಠ ಮಾಡಿದವರು. ಹಾಗಾಗಿ ನಮ್ಮ ಮಣ್ಣಿಗೂ ಇಂಗ್ಲಿಷಿಗೂ ಆಗಿಬರಲ್ಲ ಅನ್ನೋದು ಸುಳ್ಳು. ನಾವು ಅದನ್ನ ಕಲಿತ ರೀತಿಯಲ್ಲಿ ಏನೋ ಎಡವಟ್ಟಿದೆ.

ನಾನು ಎಡವಿದ್ದು ಎಲ್ಲಿ

ನಮ್ಮ ಕಾಲಕ್ಕೆ ಸರ್ಕಾರಿ ಶಾಲೆಯಲ್ಲಿ ಎಬಿಸಿಡಿ ಶುರುವಾಗ್ತಿದ್ದದ್ದು ಐದನೇ ಕ್ಲಾಸಿಗೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ, 100 ಅಂಕ. ಪಾಠದ ಪ್ರಶ್ನೋತ್ತರ, ಪದ್ಯ ಕಂಠಪಾಠ, ಒಂದು ಪತ್ರ, ಒಂದು ಪ್ರಬಂಧ. ಗೈಡ್‌ನಲ್ಲಿರೋದನ್ನ ಉರು ಹೊಡೆದು ಬರೆದರೆ ಮಾರ್ಕ್ಸ್ ಬೀಳ್ತಿತ್ತು. ನನಗೆ ಚೆನ್ನಾಗೇ ಬಿತ್ತು. ಪಿಯುಸಿಯಲ್ಲೂ ಅದೇ ದಾರಿ. ಅಲ್ಲಿ ಅಳೀತಿದ್ದದ್ದು ಪಾಠ ನೆನಪಿದೆಯಾ ಅಂತ. ಇಲ್ಲಿ ಅಳೆಯೋದು ಹೊಸ ವಿಷಯ ಎದುರಾದಾಗ ಇಂಗ್ಲಿಷಲ್ಲಿ ಕೆಲಸ ನಡೆಸ್ತೀಯಾ ಅಂತ. ಇದಕ್ಕೆ ಪಠ್ಯಪುಸ್ತಕವೇ ಇಲ್ಲ.

ನಾನು ಕೋಚಿಂಗಿಗೆ ಹೋದ ಕಡೆ ರೈಟಿಂಗಿಗೆ ಒಂದು ಅಚ್ಚು ಕೊಟ್ಟರು. ಶುರುವಿಗೆ ಇಂಥ ನಾಲ್ಕು ಸಾಲು, ಮಧ್ಯೆ ಇಂಥ ಎರಡು, ಮುಗಿಸೋಕೆ ಇಂಥದ್ದು. ಯಾವ ಪ್ರಶ್ನೆ ಬಂದರೂ ಇದರೊಳಗೆ ತುರುಕಿ ಅಂದ್ರು. ನನಗೆ ಖುಷಿಯೋ ಖುಷಿ. ಎಸ್ಸೆಸ್ಸೆಲ್ಸಿ ಗೈಡ್ ಮತ್ತೆ ಸಿಕ್ಕಿದ ಹಾಗಾಯ್ತು. ಪರೀಕ್ಷಕರು ಇಂಥ ಅಚ್ಚುಗಳನ್ನ ಸಾವಿರಾರು ನೋಡಿರ್ತಾರೆ. ಬಾಯಿಪಾಠದ ಸಾಲು ನಿಮ್ಮದಲ್ಲ ಅಂತ ಗೊತ್ತಾದ ಮೇಲೆ ಅದಕ್ಕೆ ಬೆಲೆ ಇಲ್ಲ. ಜೊತೆಗೆ ಅಚ್ಚಿನ ಸಾಲು ಬಲು ಗಟ್ಟಿ, ನನ್ನ ಸ್ವಂತ ಸಾಲು ಸಡಿಲ. ಹೊಸ ಶರ್ಟಿಗೆ ಹರಿದ ಪ್ಯಾಂಟು ಹಾಕಿದ ಹಾಗೆ ಎದ್ದು ಕಾಣ್ತಿತ್ತು.

ಈಗ ಒಂದೊಂದೇ ಭಾಗ ನೋಡೋಣ.

ಲಿಸನಿಂಗ್: ಒಂದೇ ಸಲ ಕೇಳಿಸೋದು

ಆಡಿಯೋ ಒಂದೇ ಸಲ ಬರುತ್ತೆ. "ಇನ್ನೊಂದ್ಸಲ ಹೇಳಿ ಸಾರ್" ಅನ್ನೋಕಾಗಲ್ಲ. ನಾಲ್ಕು ತುಂಡು ಇರುತ್ತೆ. ಮೊದಲನೆಯದು ಸುಲಭ, ಯಾರೋ ರೂಮು ಬಾಡಿಗೆಗೆ ಫೋನ್ ಮಾಡೋ ಥರದ್ದು. ಕೊನೆಯದು ಕಾಲೇಜಿನ ಪಾಠದ ಹಾಗೆ ಒಬ್ಬರೇ ಮಾತಾಡೋದು.

ನಾನು ಮಾಡ್ತಿದ್ದ ತಪ್ಪು: ಒಂದು ಉತ್ತರ ತಪ್ಪಿಹೋದರೆ ಅದನ್ನೇ ಯೋಚಿಸ್ತಾ ಕೂರೋದು. ಅಷ್ಟರಲ್ಲಿ ಮುಂದಿನ ಮೂರು ಹೋಗಿರ್ತಿದ್ವು. ಬಸ್ಸು ತಪ್ಪಿದರೆ ಅದರ ಹಿಂದೆ ಓಡಬೇಡಿ, ಮುಂದಿನ ಸ್ಟಾಪಲ್ಲಿ ನಿಂತ್ಕೊಳ್ಳಿ. ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ, ಹಾಗಾಗಿ ಕೊನೆಗೆ ಯಾವುದನ್ನೂ ಖಾಲಿ ಬಿಡಬೇಡಿ.

ಎರಡನೇದು ಸ್ಪೆಲಿಂಗು. ಕೇಳಿಸಿದ್ದು ಸರಿಯಾಗಿದ್ದು, ಬರೆದದ್ದರಲ್ಲಿ ಒಂದಕ್ಷರ ತಪ್ಪಿದ್ರೂ ಅಂಕ ಹೋಯ್ತು. ಬಹುವಚನದ ಕೊನೆಯ ಎಸ್ ನಮ್ಮ ಕಿವಿಗೆ ಬೀಳೋದೇ ಕಷ್ಟ, ಯಾಕಂದ್ರೆ ಕನ್ನಡದಲ್ಲಿ "ಎರಡು ಪುಸ್ತಕ" ಅಂದ್ರೆ ಸಾಕು, "ಗಳು" ಬೇಕೇಬೇಕು ಅಂತಿಲ್ಲ. ಇಂಗ್ಲಿಷಲ್ಲಿ ಬೇಕೇಬೇಕು. "ಎರಡು ಪದ ಮೀರಬಾರದು" ಅಂತ ಪ್ರಶ್ನೆಯಲ್ಲಿದ್ದರೆ ಮೂರು ಪದ ಬರೆದವರಿಗೆ ಸೊನ್ನೆ.

ನನಗೆ ಉಪಯೋಗವಾದ ಅಭ್ಯಾಸ ಇದು. ಪಾಂಡವಪುರ ಸ್ಟೇಷನ್ನಿಂದ ಮೈಸೂರಿಗೆ ರೈಲಲ್ಲಿ ಹೋಗುವಾಗ ಇಂಗ್ಲಿಷ್ ಸುದ್ದಿ ಕೇಳ್ತಿದ್ದೆ. ಒಂದು ನಿಮಿಷ ಕೇಳೋದು, ನಿಲ್ಲಿಸೋದು, ಕೇಳಿಸಿದ್ದನ್ನ ಪದ ಪದವಾಗಿ ನೋಟ್‌ಬುಕ್ಕಲ್ಲಿ ಬರೆಯೋದು, ಮತ್ತೆ ಹಾಕಿ ತಿದ್ದೋದು. ಮೊದಲ ವಾರ ಅರ್ಧಕ್ಕರ್ಧ ಖಾಲಿ ಇರ್ತಿತ್ತು. ಶ್ರೀರಂಗಪಟ್ಟಣ ದಾಟೋಷ್ಟರಲ್ಲಿ ತಲೆ ಬಿಸಿಯಾಗ್ತಿತ್ತು. ಎರಡು ತಿಂಗಳಾದ ಮೇಲೆ ಖಾಲಿ ಜಾಗ ಕಮ್ಮಿಯಾದ್ವು.

ರೀಡಿಂಗ್: ನಿಮಗೆ ಗೊತ್ತಿರೋದು ಬೇಡ

ಮೂರು ಉದ್ದುದ್ದ ಬರಹ, 40 ಪ್ರಶ್ನೆ, ಒಂದು ಗಂಟೆ. ಒಂದೊಂದು ಬರಹಕ್ಕೆ 20 ನಿಮಿಷ ಅಂತ ಗಡಿಯಾರ ನೋಡ್ಕೊಂಡು ಮಾಡಿ. ಎಲ್ಲ ಪದಕ್ಕೂ ಅರ್ಥ ಹುಡುಕ್ತಾ ಕೂತರೆ ಎರಡನೇ ಬರಹಕ್ಕೇ ಟೈಮ್ ಮುಗೀತು.

ಇಲ್ಲಿ ಎಲ್ಲರನ್ನೂ ಬೀಳಿಸೋದು ಒಂದು ಥರದ ಪ್ರಶ್ನೆ. ಒಂದು ಹೇಳಿಕೆ ಕೊಡ್ತಾರೆ. ಅದು ಸರಿಯೋ, ತಪ್ಪೋ, ಅಥವಾ ಬರಹದಲ್ಲಿ ಆ ವಿಷಯವೇ ಇಲ್ಲವೋ ಅಂತ ಹೇಳಬೇಕು. ಮೂರನೇದನ್ನ ನಾಟ್ ಗಿವನ್ ಅಂತಾರೆ. ಇದನ್ನ ತಂಗಿಗೆ ನಮ್ಮೂರಿನ ಉದಾಹರಣೆಯಲ್ಲೇ ಹೇಳಿದೆ.

ಬರಹದಲ್ಲಿ ಹೀಗಿದೆ ಅಂತ ಇಟ್ಕೊಳ್ಳಿ: "ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಅದರ ನೀರು ಕಾಲುವೆಗಳ ಮೂಲಕ ಮಂಡ್ಯದ ಹೊಲಗದ್ದೆಗಳಿಗೆ ಹರಿಯುತ್ತದೆ."

ಮೊದಲ ಹೇಳಿಕೆ: ಅಣೆಕಟ್ಟೆಯ ಕೆಲಸ ಇಪ್ಪತ್ತನೇ ಶತಮಾನದಲ್ಲಿ ಆರಂಭವಾಯಿತು. ಸರಿ. 1911 ಅಂದ್ರೆ ಇಪ್ಪತ್ತನೇ ಶತಮಾನವೇ.

ಎರಡನೇದು: ಅಣೆಕಟ್ಟೆಯ ನೀರನ್ನು ವ್ಯವಸಾಯಕ್ಕೆ ಬಿಡುವುದಿಲ್ಲ. ತಪ್ಪು. ಬರಹ ಇದಕ್ಕೆ ಉಲ್ಟಾ ಹೇಳುತ್ತೆ.

ಮೂರನೇದು: ಅಣೆಕಟ್ಟೆ ಬಂದ ಮೇಲೆ ಮಂಡ್ಯದಲ್ಲಿ ಕಬ್ಬು ಬೆಳೆಯುವುದು ಹೆಚ್ಚಾಯಿತು.

ತಂಗಿ ತಟ್ಟನೆ "ಸರಿ" ಅಂದ್ಲು. ನಮ್ಮ ಕಡೆಯವರು ಯಾರಾದ್ರೂ ಹಾಗೇ ಅಂತಾರೆ. ಕಬ್ಬು ನಮ್ಮ ಕಣ್ಣೆದುರೇ ಇದೆ. ಆದರೆ ಮೇಲಿನ ಎರಡು ವಾಕ್ಯದಲ್ಲಿ ಕಬ್ಬಿನ ಸುದ್ದಿ ಎಲ್ಲಿದೆ? ಇಲ್ಲ. ಉತ್ತರ ನಾಟ್ ಗಿವನ್. ನಿಮಗೆ ಗೊತ್ತಿರೋದನ್ನ ಚಪ್ಪಲಿ ಜೊತೆ ಬಾಗಿಲಾಚೆ ಬಿಟ್ಟು ಒಳಗೆ ಹೋಗಿ. ಕಾಗದದ ಮೇಲೆ ಇರೋದಷ್ಟೇ ಲೆಕ್ಕ.

ರೈಟಿಂಗ್: ಪೇಪರಿನ ಮೂಲೆಯಲ್ಲಿದ್ದ ಮೇಷ್ಟ್ರು

ಎರಡು ಬರಹ. ಅಕಾಡೆಮಿಕ್‌ನಲ್ಲಿ ಮೊದಲನೆಯದು ಒಂದು ಗ್ರಾಫೋ ಪಟ್ಟಿಯೋ ಕೊಟ್ಟು ಅದನ್ನ ವಿವರಿಸಿ ಅನ್ನೋದು, ಕನಿಷ್ಠ 150 ಪದ. ಜನರಲ್ ಟ್ರೈನಿಂಗ್‌ನಲ್ಲಿ ಅದರ ಬದಲು ಪತ್ರ. ಎರಡನೇದು ಒಂದು ವಿಷಯದ ಮೇಲೆ ನಿಮ್ಮ ವಾದ, ಕನಿಷ್ಠ 250 ಪದ. ಎರಡನೇದಕ್ಕೆ ಮೊದಲನೆಯದರ ಎರಡರಷ್ಟು ತೂಕ. ನಾನು ಮೊದಲ ಸಲ ಗ್ರಾಫ್ ಮೇಲೆ 35 ನಿಮಿಷ ಕಳೆದೆ. 20 ನಿಮಿಷಕ್ಕೆ ಮುಗಿಸಿ 40 ನಿಮಿಷವನ್ನ ಎರಡನೇದಕ್ಕೆ ಇಡಬೇಕಿತ್ತು.

ಅಂಕ ಕೊಡೋದು ನಾಲ್ಕು ವಿಷಯ ನೋಡಿ, ನಾಲ್ಕಕ್ಕೂ ಸಮಪಾಲು: ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ಒಂದು ಮಾತಿನಿಂದ ಇನ್ನೊಂದಕ್ಕೆ ಸರಿಯಾಗಿ ಸಾಗ್ತೀರಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾವು ಕೊನೆಯ ಎರಡಕ್ಕೆ ತಲೆ ಕೆಡಿಸ್ಕೊಂಡು ಮೊದಲ ಎರಡನ್ನ ಮರೀತೀವಿ. ಪ್ರಶ್ನೆ "ನೀವು ಎಷ್ಟರಮಟ್ಟಿಗೆ ಒಪ್ಪುತ್ತೀರಿ" ಅಂತಿದ್ರೆ ಒಪ್ತೀರೋ ಇಲ್ಲವೋ ಹೇಳಿ. ನಮ್ಮೂರಲ್ಲಿ ಪಂಚಾಯ್ತಿ ಮಾಡೋ ಹಿರಿಯರು ಇಬ್ಬರಿಗೂ ಬೇಜಾರಾಗದ ಹಾಗೆ ಮಾತಾಡ್ತಾರಲ್ಲ, ಆ ಥರ ಇಲ್ಲಿ ನಡೆಯಲ್ಲ.

ಗ್ರಾಫಿನ ಅಭ್ಯಾಸಕ್ಕೆ ನನಗೆ ಸಿಕ್ಕ ಉಪಾಯ ಬಹಳ ಸರಳ. ದಿನಪತ್ರಿಕೆಯಲ್ಲಿ ಜಲಾಶಯಗಳ ಮಟ್ಟ ಬರುತ್ತಲ್ಲ? ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಮೊದಲು ಓದೋದೇ ಅದನ್ನ. ಒಂದು ವಾರದ ಅಂಕಿ ಬರೆದಿಟ್ಕೊಂಡು, ಭಾನುವಾರ ಅದನ್ನ ಇಂಗ್ಲಿಷಲ್ಲಿ ಒಂದು ಪ್ಯಾರಾ ಮಾಡ್ತಿದ್ದೆ. ಏರಿತು, ನಿಧಾನವಾಗಿ ಏರಿತು, ಒಮ್ಮೆಲೇ ಇಳಿಯಿತು, ಹಾಗೇ ನಿಂತಿತು. ಇದಕ್ಕೆಲ್ಲ ಬೇಕಾದ ಇಂಗ್ಲಿಷ್ ಪದಗಳು ಹತ್ತಿಪ್ಪತ್ತು ಅಷ್ಟೇ, ಕೈಗೆ ಕೂತುಬಿಟ್ವು. ಇನ್ನೊಂದು ಗುಟ್ಟು: ಎಲ್ಲ ಅಂಕಿಯನ್ನೂ ಬರೆಯೋಕೆ ಹೋಗಬೇಡಿ. "ಒಟ್ಟಾರೆ ಈ ವಾರ ನೀರು ಏರಿದೆ, ಹೊರಹರಿವು ಮಾತ್ರ ಹೆಚ್ಚೂಕಮ್ಮಿ ಹಾಗೇ ಇದೆ" ಅನ್ನೋ ಥರ ಒಂದು ಒಟ್ಟು ನೋಟ ಮೊದಲು ಬರಬೇಕು. ಅಪ್ಪನನ್ನ ಕೇಳಿದ್ರೂ ಅವರು ಹೇಳೋದು ಆ ಒಂದು ಮಾತನ್ನೇ.

ವ್ಯಾಕರಣದಲ್ಲಿ ಕನ್ನಡದವರಿಗೆ ಬರೋ ತಪ್ಪುಗಳು ಹೆಚ್ಚೂಕಮ್ಮಿ ಒಂದೇ. ಕನ್ನಡದಲ್ಲಿ ಎ, ಆ್ಯನ್, ದಿ ಅನ್ನೋದಕ್ಕೆ ಸಮನಾದ್ದೇ ಇಲ್ಲ, ಹಾಗಾಗಿ ಬಿಟ್ಟುಬಿಡ್ತೀವಿ. "ನನಗೆ ಇಬ್ಬರು ಅಣ್ಣಂದಿರಿದ್ದಾರೆ" ಅನ್ನೋದನ್ನ "ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್" ಅಂತೀವಿ, "ಐ ಹ್ಯಾವ್ ಟೂ ಬ್ರದರ್ಸ್" ಸಾಕು. "ಎರಡು ವರ್ಷದಿಂದ ಇಲ್ಲಿದ್ದೀನಿ" ಅನ್ನೋದು "ಐ ಆ್ಯಮ್ ಹಿಯರ್ ಸಿನ್ಸ್ ಟೂ ಇಯರ್ಸ್" ಆಗುತ್ತೆ, ಸರಿಯಾದದ್ದು "ಐ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್". ನಾನು ನನ್ನ ತಪ್ಪುಗಳಿಗೇ ಒಂದು ಲೆಡ್ಜರ್ ಮಾಡಿದ್ದೆ. ಬಿ.ಕಾಂ. ಓದಿದ್ದಕ್ಕೆ ಅಷ್ಟಾದ್ರೂ ಉಪಯೋಗ ಬೇಡ್ವಾ? ತಪ್ಪು ಒಂದು ಕಡೆ, ಸರಿ ಇನ್ನೊಂದು ಕಡೆ, ವಾರಕ್ಕೆ ಎಷ್ಟು ಸಲ ಬಂತು ಅನ್ನೋ ಲೆಕ್ಕ. ಐದಾರು ತಪ್ಪೇ ಮತ್ತೆ ಮತ್ತೆ ಬರ್ತಿದ್ವು. ಅವನ್ನಷ್ಟೇ ಹಿಡಿದು ತಿದ್ದಿದೆ.

ಸ್ಪೀಕಿಂಗ್: ಆಲೆಮನೆ ಬಗ್ಗೆ ಎರಡು ನಿಮಿಷ

ಮೂರು ಸುತ್ತು. ಮೊದಲು ಊರು, ಮನೆ, ಓದು ಅಂತ ಸಣ್ಣಪುಟ್ಟ ಪ್ರಶ್ನೆ. ಆಮೇಲೆ ಒಂದು ಕಾರ್ಡ್ ಕೊಡ್ತಾರೆ, ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಮಾತಾಡಬೇಕು. ಕೊನೆಗೆ ಅದೇ ವಿಷಯದ ಮೇಲೆ ಚರ್ಚೆ.

ಬ್ರಿಟಿಷರ ಹಾಗೆ ಮೂಗಲ್ಲಿ ಮಾತಾಡಬೇಕು ಅಂತೇನಿಲ್ಲ. ನಮ್ಮ ಧಾಟಿ ಇರಲಿ, ಎದುರಿಗಿರೋರಿಗೆ ಅರ್ಥವಾದ್ರೆ ಆಯ್ತು. ಆದರೆ ಅರ್ಥವೇ ಬದಲಾಗೋ ಕಡೆ ಎಚ್ಚರ ಬೇಕು. ನಮ್ಮ ಕಡೆ ಹಾಲು "ಆಲು" ಆಗುತ್ತೆ, ಹಸು "ಅಸ" ಆಗುತ್ತೆ. ಅದೇ ನಾಲಿಗೆಯಲ್ಲಿ "ಹೀಟ್" ಹೇಳೋಕೆ ಹೋದ್ರೆ "ಈಟ್" ಆಗುತ್ತೆ. ನೀರು ಕಾಯಿಸ್ತೀನಿ ಅನ್ನೋಕೆ ಹೋಗಿ ನೀರು ತಿಂತೀನಿ ಅಂದ ಹಾಗಾಯ್ತು. "ಫೀಸ್" ಹೋಗಿ "ಪೀಸ್" ಆಗುತ್ತೆ, "ಎಗ್" ಹೋಗಿ "ಯೆಗ್" ಆಗುತ್ತೆ. ಇದರಲ್ಲಿ ನಾಚಿಕೆ ಪಡೋಕೆ ಏನಿಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡಿ ನೀವೇ ಕೇಳ್ಕೊಳ್ಳಿ. ನಾನು ಪಾಡ್‌ಕಾಸ್ಟ್ ಮಾಡೋ ಹುಚ್ಚಿಗೆ ಬಿದ್ದದ್ದೇ ಆ ರೆಕಾರ್ಡಿಂಗ್‌ಗಳಿಂದ.

ವಿಷಯಕ್ಕೆ ಪ್ಯಾರಿಸ್, ಲಂಡನ್ ಹುಡುಕಬೇಡಿ. ಮೊದಲ ಸಲ ನಾನು ಯಾವತ್ತೂ ನೋಡದ ಮ್ಯೂಸಿಯಂ ಬಗ್ಗೆ ಮಾತಾಡೋಕೆ ಹೋಗಿ ಅರ್ಧ ನಿಮಿಷಕ್ಕೇ ಸುಸ್ತಾದೆ. ಎರಡನೇ ಸಲ ಆಲೆಮನೆ ಬಗ್ಗೆ ಹೇಳಿದೆ. ಕಬ್ಬು ಅರೆಯೋದು, ಕೊಪ್ಪರಿಗೆಯಲ್ಲಿ ಹಾಲು ಕುದಿಯೋದು, ಬಿಸಿ ಬೆಲ್ಲದ ವಾಸನೆ. ಕೊಪ್ಪರಿಗೆಗೆ ಇಂಗ್ಲಿಷ್ ಪದ ಗೊತ್ತಿರಲಿಲ್ಲ. "ತುಂಬಾ ದೊಡ್ಡದಾದ, ಅಗಲ ಬಾಯಿಯ ಪಾತ್ರೆ" ಅಂತ ಇಂಗ್ಲಿಷಲ್ಲಿ ವಿವರಿಸಿದೆ. ಪದ ಗೊತ್ತಿಲ್ಲದಾಗ ಸುತ್ತಿಬಳಸಿ ಹೇಳೋದೂ ಒಂದು ಕೌಶಲವೇ. ಪರೀಕ್ಷಕರು ನಿಲ್ಲಿಸೋವರೆಗೂ ಮಾತಾಡಿದೆ.

ನರ್ಸಿಂಗ್ ಓದಿದವರಿಗೆ

ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳಿವೆ, ಮಂಡ್ಯದಲ್ಲಿ ಮಿಮ್ಸ್ ಇದೆ. ಹಾಗಾಗಿ ಈ ಪ್ರಶ್ನೆ ನನಗೆ ತುಂಬ ಬರುತ್ತೆ. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ರೀಡಿಂಗ್, ಲಿಸನಿಂಗ್, ಸ್ಪೀಕಿಂಗ್‌ಗೆ 7, ರೈಟಿಂಗ್‌ಗೆ 6.5 ಕೇಳುತ್ತೆ. ನನ್ನ ಕೋರ್ಸಿಗಿಂತ ಇದು ಕಷ್ಟ.

ಇನ್ನೊಂದು ದಾರಿ ಓಇಟಿ. ಇದು ಆಸ್ಪತ್ರೆ ಕೆಲಸದವರಿಗೇ ಮಾಡಿದ ಇಂಗ್ಲಿಷ್ ಪರೀಕ್ಷೆ. ಇಲ್ಲಿ ಪ್ರಬಂಧದ ಬದಲು ರೋಗಿಯ ಕೇಸ್ ನೋಟ್ಸ್ ನೋಡಿ ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಪತ್ರ ಬರೀಬೇಕು. ಸ್ಪೀಕಿಂಗ್‌ನಲ್ಲಿ ಎದುರಿಗಿರೋರು ರೋಗಿಯ ಪಾತ್ರ ಮಾಡ್ತಾರೆ, ನೀವು ನರ್ಸಾಗಿ ಮಾತಾಡಬೇಕು, ಅಂಥ ಎರಡು ಸನ್ನಿವೇಶ. ಬ್ರಿಟನ್ನಿಗೆ ಮೂರು ಭಾಗದಲ್ಲಿ ಬಿ, ರೈಟಿಂಗ್‌ನಲ್ಲಿ ಸಿ ಪ್ಲಸ್ ಸಾಕು. ಫೀಸು ಐಇಎಲ್‌ಟಿಎಸ್‌ಗಿಂತ ಜಾಸ್ತಿ. ತಂಗಿಗೆ ವಾರ್ಡಿನ ಮಾತು ಬಾಯಲ್ಲೇ ಇದೆ, ಹವಾಮಾನ ಬದಲಾವಣೆ ಬಗ್ಗೆ ಪ್ರಬಂಧ ಅಂದ್ರೆ ಕೈ ನಡುಗುತ್ತೆ. ಹಾಗಾಗಿ ಎರಡರದ್ದೂ ಒಂದೊಂದು ಮಾದರಿ ಪರೀಕ್ಷೆ ಮನೆಯಲ್ಲೇ ಬರೆದು ನೋಡಿ ಆಮೇಲೆ ನಿರ್ಧಾರ ಮಾಡು ಅಂದೆ.

ದುಡ್ಡು ಕಟ್ಟೋ ಮೊದಲು

ಐಇಎಲ್‌ಟಿಎಸ್ ಫೀಸು ಸಣ್ಣ ಮೊತ್ತವಲ್ಲ. ಕಟ್ಟೋ ಮೊದಲು ನಾಲ್ಕು ಮಾತು.

ಒಂದು, ಪಾಸ್‌ಪೋರ್ಟ್ ಬೇಕು. ಆಧಾರ್ ತೋರಿಸಿದ್ರೆ ಒಳಗೆ ಬಿಡಲ್ಲ. ಪಾಸ್‌ಪೋರ್ಟಲ್ಲಿ ಹೆಸರು, ಇನಿಷಿಯಲ್ ಹೇಗಿದೆಯೋ ಹಾಗೇ ಅರ್ಜಿ ತುಂಬಿ.

ಎರಡು, ಸ್ಕೋರಿಗೆ ಎರಡು ವರ್ಷ ಆಯಸ್ಸು. ಅರ್ಜಿ ಹಾಕೋದು ಯಾವಾಗ ಅಂತ ಗೊತ್ತಾದ ಮೇಲೆ ಬರೀರಿ. ನಿಮ್ಮ ಕಾಲೇಜು ಟೋಫೆಲ್, ಪಿಟಿಇ ಥರದ ಬೇರೆ ಪರೀಕ್ಷೆ ಒಪ್ಪುತ್ತಾ ಅನ್ನೋದನ್ನೂ ಅವರ ವೆಬ್‌ಸೈಟಲ್ಲೇ ನೋಡಿ, ಏಜೆಂಟರ ಮಾತಲ್ಲಿ ನಂಬಬೇಡಿ.

ಮೂರು, ಕಂಪ್ಯೂಟರಲ್ಲಿ ಬರೆಯೋದಾದ್ರೆ ಟೈಪಿಂಗ್ ಕಲೀರಿ. 40 ನಿಮಿಷದಲ್ಲಿ 250 ಪದ ಯೋಚಿಸಿ ಟೈಪ್ ಮಾಡೋದು ಒಂದು ಬೆರಳಲ್ಲಿ ಆಗಲ್ಲ.

ನಾಲ್ಕು, "ಪರೀಕ್ಷೆ ಬರೆಯದೇ ಸರ್ಟಿಫಿಕೇಟ್ ಕೊಡಿಸ್ತೀವಿ" ಅನ್ನೋರು ಸಿಗ್ತಾರೆ. ಪ್ರತಿ ರಿಸಲ್ಟಿಗೂ ಒಂದು ನಂಬರಿದೆ, ಕಾಲೇಜಿನವರು ಅದನ್ನ ಆನ್‌ಲೈನಲ್ಲೇ ತಾಳೆ ನೋಡ್ತಾರೆ. ದುಡ್ಡೂ ಹೋಗುತ್ತೆ, ಹೆಸರೂ ಹೋಗುತ್ತೆ.

ಕೋಚಿಂಗ್ ಬೇಕೇಬೇಕಾ? ಎರಡನೇ ಸಲ ನಾನು ಹೋಗಲಿಲ್ಲ. ಕೇಂಬ್ರಿಡ್ಜ್‌ನವರ ಹಳೇ ಪ್ರಶ್ನೆಪತ್ರಿಕೆ ಪುಸ್ತಕ ಎರಡು ತಗೊಂಡೆ, ಬ್ರಿಟಿಷ್ ಕೌನ್ಸಿಲ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗೋ ಮಾದರಿ ಪರೀಕ್ಷೆ ಮಾಡಿದೆ. ಬರೆದದ್ದನ್ನ ತಿದ್ದೋಕೆ ಮಾತ್ರ ಒಬ್ಬರು ಬೇಕು. ನನ್ನ ಹೈಸ್ಕೂಲ್ ಇಂಗ್ಲಿಷ್ ಮೇಡಂ ಮನೆಗೆ ಭಾನುವಾರ ಹೋಗಿ ಕೂರ್ತಿದ್ದೆ. ಮೊದಲ ದಿನ ನನ್ನ ಪ್ರಬಂಧ ಓದಿ ಅವರು ಕೇಳಿದ್ದು ಇಷ್ಟೇ: "ಇದ್ರಲ್ಲಿ ನಿನ್ನ ಮಾತು ಯಾವುದಪ್ಪ?"

ಆಮೇಲೇನಾಯ್ತು

ಎರಡನೇ ಸಲದ ಫೀಸನ್ನ ಒಬ್ಬ ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ರಿಟರ್ನ್ಸ್ ತುಂಬೋ ಕೆಲಸ ಮಾಡಿ ನಾನೇ ಕೂಡಿಸಿದೆ. ಐದು ತಿಂಗಳು ಹಿಡೀತು. ಲಿಸನಿಂಗ್ 7, ರೀಡಿಂಗ್ 6.5, ರೈಟಿಂಗ್ 6, ಸ್ಪೀಕಿಂಗ್ 6.5. ಒಟ್ಟು 6.5. ಬೇಕಾದ್ದಷ್ಟೇ ಬಂತು.

ನಾನು ಹೋಗಲಿಲ್ಲ. ಸಾಲಕ್ಕೆ ಜಮೀನಿನ ದಾಖಲೆ ಬೇಕಿತ್ತು, ಜಮೀನು ಅಪ್ಪ, ಚಿಕ್ಕಪ್ಪಂದಿರ ಹೆಸರಲ್ಲಿ ಒಟ್ಟಾಗಿತ್ತು. ನನ್ನೊಬ್ಬನಿಗೋಸ್ಕರ ಎಲ್ಲರ ಪಾಲನ್ನ ಅಡ ಇಡೋಕೆ ಮನಸ್ಸು ಬರಲಿಲ್ಲ. ಎರಡು ವರ್ಷ ಕಳೀತು, ಸ್ಕೋರಿನ ಅವಧಿ ಮುಗೀತು. ಅದಕ್ಕೇ ಹೇಳ್ತೀನಿ, ಪರೀಕ್ಷೆಗೆ ದುಡ್ಡು ಕಟ್ಟೋ ದಿನವೇ ಮನೆಯವರ ಜೊತೆ ಕೂತು ಸಾಲದ ಮಾತೂ ಆಡಿಬಿಡಿ. ನಾವು ಆಡಿರಲಿಲ್ಲ.

ಅಮ್ಮನ ಬಳೆ ಬಿಡಿಸ್ಕೊಂಡು ಬಂದ ದಿನ ಅಪ್ಪ ನನ್ನನ್ನ ಏನೂ ಕೇಳಲಿಲ್ಲ. ಈ ಹಬ್ಬದಲ್ಲಿ ಮಾತ್ರ, ಜಗುಲಿ ಮೇಲೆ ನಮ್ಮಿಬ್ಬರ ಮಾತು ಕೇಳಿಸ್ಕೊಂಡು ಒಳಗಿಂದಲೇ ತಂಗಿಗೆ ಹೇಳಿದ್ರು: "ಮೊದ್ಲು ಜಲಾಶಯದ್ದು ಬರ್ಯವ್ವ. ಅದು ನಿಮ್ಮಣ್ಣಂಗೆ ಚೆನ್ನಾಗಿ ಬತ್ತಿತ್ತು."

ಅವಳ ಪರೀಕ್ಷೆ ಮುಂದಿನ ತಿಂಗಳು. ಓಇಟಿಯನ್ನೇ ಆರಿಸ್ಕೊಂಡಿದ್ದಾಳೆ. ದಿನಾ ರಾತ್ರಿ ಡ್ಯೂಟಿ ಮುಗಿಸಿ ಫೋನ್ ಮಾಡ್ತಾಳೆ. ನಾನು ಹೊಟ್ಟೆನೋವಿನ ರೋಗಿ, ಅವಳು ನರ್ಸು, ಹತ್ತು ನಿಮಿಷ ಇಂಗ್ಲಿಷಲ್ಲಿ ಮಾತು. ನಿನ್ನೆ ನನ್ನನ್ನ ಡಿಸ್ಚಾರ್ಜ್ ಮಾಡೋಕೆ ಒಪ್ಪಲೇ ಇಲ್ಲ.

ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗೆ ತಯಾರಾಗ್ತಿದ್ರೆ ಅವರಿಗೆ ಇದನ್ನ ಕೇಳಿಸಿ. ಮುಂದಿನ ವಾರ ಸಿಗೋಣ.